ಒಂಟೆಯ ತವರುಮನೆ

ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿರುವ ಅಜ್ಜ ಅಜ್ಜಿಯರೇ, ಈ ವಾರ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಒಂಟೆಯ ತವರುಮನೆ ಎಲ್ಲಿ?

ರಾಜಸ್ಥಾನ ಎಂದಿರಾ? ಅರೇಬಿಯ ಎಂದಿರಾ? ಎರಡಕ್ಕೂ ಅಂಕ ಸೊನ್ನೆ. ಬೇಜಾರು ಮಾಡಿಕೊಳ್ಳಬೇಡಿ. ಒಂಟೆ ಎಂದರೆ ಮರುಭೂಮಿಯ ಹಡಗು ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಆ ಮಾತೂ ಸುಳ್ಳಲ್ಲ. ಆದರೆ ಮರುಭೂಮಿ ಒಂಟೆ ಆಮೇಲೆ ಸೇರಿದ ಮನೆ. ಅದು ಹುಟ್ಟಿ ಬೆಳೆದ ತವರು ಉತ್ತರ ಅಮೆರಿಕ.

ಒಂಟೆಯ ವಂಶದ ಲೆಕ್ಕಪುಸ್ತಕ 4 ಕೋಟಿ ವರ್ಷಕ್ಕೂ ಹಳೆಯದು. ಅದರ ಮುಕ್ಕಾಲು ಭಾಗಕ್ಕೂ ಹೆಚ್ಚು ಪುಟಗಳು ಅಮೆರಿಕದ ನೆಲದಲ್ಲೇ ತುಂಬಿದವು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಹಾಗಾಗಿ ಈ ಖಾತೆಯನ್ನೂ ಮೊದಲ ಪುಟದಿಂದಲೇ ತೆಗೆಯುತ್ತೇನೆ. ಹೆಸರುಗಳು ಸ್ವಲ್ಪ ಉದ್ದ. ಹೆದರಬೇಡಿ, ಪರೀಕ್ಷೆಗೆ ಬರುವುದಿಲ್ಲ.

ಮೊದಲ ಪುಟದಲ್ಲಿ ಇರುವುದು ಪ್ರೊಟೈಲೋಪಸ್. ಗಾತ್ರ ಒಂದು ದೊಡ್ಡ ಮೊಲದಷ್ಟು. ಡುಬ್ಬ ಇಲ್ಲ, ಉದ್ದನೆಯ ಕತ್ತೂ ಇಲ್ಲ. ಕಾಡಿನಲ್ಲಿ ಮೆತ್ತನೆಯ ಎಲೆ ತಿಂದುಕೊಂಡು ಓಡಾಡುತ್ತಿದ್ದ ಪುಟ್ಟ ಪ್ರಾಣಿ. ಅದನ್ನು ಒಂಟೆಯ ಮುತ್ತಜ್ಜಿ ಎಂದರೆ ಈಗಿನ ಒಂಟೆಯೇ ನಂಬಲಾರದು!

ಇನ್ನಷ್ಟು ಪುಟ ತಿರುಗಿಸಿದರೆ, ಸುಮಾರು 3.5 ಕೋಟಿ ವರ್ಷಗಳ ಹಿಂದೆ, ಪೊಯಿಬ್ರೊಥೀರಿಯಂ ಬರುತ್ತದೆ. ಇದು ಕುರಿಯಷ್ಟು ಎತ್ತರ. ಪಾದಕ್ಕೆ ಎರಡೇ ಬೆರಳು, ಈಗಿನ ಒಂಟೆಗೆ ಇರುವ ಹಾಗೆ. ಅದರ ಪಳೆಯುಳಿಕೆಗಳು ದಕ್ಷಿಣ ಡಕೋಟ ರಾಜ್ಯದ ಬೋಳು ಗುಡ್ಡಗಳಲ್ಲಿ ಸಿಗುತ್ತವೆ. 1847ರಲ್ಲಿ ಇದಕ್ಕೆ ಹೆಸರಿಟ್ಟವರು ಜೋಸೆಫ್ ಲೈಡಿ ಎಂಬ ಅಮೆರಿಕದ ವಿಜ್ಞಾನಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತಾರೆ.

ಆಮೇಲೆ ಹವೆ ಒಣಗುತ್ತ ಬಂತು. ಕಾಡು ಕಡಿಮೆಯಾಗಿ ಹುಲ್ಲುಗಾವಲು ಹರಡಿತು. ಬಯಲಿನಲ್ಲಿ ಬದುಕಬೇಕಾದರೆ ದೂರ ನಡೆಯಬೇಕು, ಬೇಗ ಓಡಬೇಕು. ಒಂಟೆಗಳ ಕಾಲು ಉದ್ದವಾದವು. ಗೊರಸಿನ ಜಾಗದಲ್ಲಿ ಅಗಲವಾದ ಮೆತ್ತನೆಯ ಪಾದ ಬಂತು. ಒಂದು ಮನೆಯಲ್ಲಿ ಹತ್ತು ಮಕ್ಕಳಿದ್ದರೆ ಹತ್ತೂ ಹತ್ತು ಬಗೆ ಎನ್ನುತ್ತೇವಲ್ಲ, ಹಾಗೆ ಒಂಟೆಯ ಕುಟುಂಬವೂ ಬಗೆಬಗೆಯಾಗಿ ಬೆಳೆಯಿತು. ಸ್ಟೆನೊಮೈಲಸ್ ಎಂಬುದು ಸುಮಾರು 2 ಅಡಿ ಎತ್ತರದ, ಜಿಂಕೆಯಂಥ ತೆಳ್ಳನೆಯ ಕಾಲಿನ ಒಂಟೆ. ನೆಬ್ರಾಸ್ಕ ರಾಜ್ಯದ ಒಂದು ಗುಡ್ಡದಲ್ಲಿ ಅವುಗಳ ಹಿಂಡಿಗೆ ಹಿಂಡೇ ಅಸ್ಥಿಪಂಜರಗಳಾಗಿ ಸಿಕ್ಕಿದೆ. ಈಪಿಕ್ಯಾಮೆಲಸ್ ಎಂಬುದು ಇದಕ್ಕೆ ತದ್ವಿರುದ್ಧ. ಜಿರಾಫೆಯಂತೆ ಕಾಲು ಕತ್ತು ಎರಡೂ ಉದ್ದ. ತಲೆಯೆತ್ತಿ ನಿಂತರೆ ಸುಮಾರು 10 ಅಡಿ. ಮರದ ತುದಿಯ ಎಲೆ ಅದರ ಪಾಲು.

ಹಾಗಾದರೆ ಡುಬ್ಬ ಯಾಕೆ ಬಂತು? ಮಕ್ಕಳು ಕೇಳುವ ಪ್ರಶ್ನೆ ಇದೇ ತಾನೇ? ಡುಬ್ಬದಲ್ಲಿ ನೀರಿದೆ ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ. ಅದರಲ್ಲಿರುವುದು ಕೊಬ್ಬು. ಅದು ಒಂಟೆಯ ಉಳಿತಾಯ ಖಾತೆ. ಮೇವು ಸಿಕ್ಕಾಗ ಜಮಾ, ಸಿಗದಿದ್ದಾಗ ಖರ್ಚು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಒಂಟೆಗೂ ಗೊತ್ತು. ಖಾತೆ ಬರಿದಾದಂತೆ ಡುಬ್ಬ ಜೋಲುಬೀಳುತ್ತದೆ.

ಈ ಉಳಿತಾಯ ಶುರುವಾದದ್ದು ಎಲ್ಲಿ ಎಂಬುದಕ್ಕೆ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಒಂದು ಸುಳಿವು ಸಿಕ್ಕಿದೆ. ಉತ್ತರ ಧ್ರುವಕ್ಕೆ ಹತ್ತಿರದ ಜಾಗ ಅದು. ಅಲ್ಲಿ 2006ರಿಂದ 2010ರ ನಡುವೆ ನತಾಲಿಯಾ ರಿಬ್‌ಚಿನ್ಸ್ಕಿ ಎಂಬ ವಿಜ್ಞಾನಿಯ ತಂಡಕ್ಕೆ ಒಂದು ಕಾಲುಮೂಳೆಯ ಸುಮಾರು 30 ಚೂರುಗಳು ಸಿಕ್ಕವು. ಮೊದಲು ನೋಡಿದಾಗ ಮರದ ತುಂಡಿನಂತೆ ಕಂಡವಂತೆ. ಮೂಳೆಯೊಳಗೆ ಉಳಿದಿದ್ದ ಕೊಲಾಜೆನ್ ಎಂಬ ಪ್ರೋಟೀನನ್ನು ತೆಗೆದು ಪರೀಕ್ಷಿಸಿದಾಗ ಗುರುತು ಸಿಕ್ಕಿತು: ಒಂಟೆ! ವಯಸ್ಸು ಸುಮಾರು 35 ಲಕ್ಷ ವರ್ಷ. ಗಾತ್ರ ಈಗಿನ ಒಂಟೆಗಿಂತ ಸುಮಾರು ಶೇ. 30ರಷ್ಟು ದೊಡ್ಡದು. 2013ರಲ್ಲಿ ಈ ಸುದ್ದಿ ಪ್ರಕಟವಾಯಿತು.

ಆ ಕಾಲದಲ್ಲಿ ಆ ದ್ವೀಪದಲ್ಲಿ ಕಾಡಿತ್ತು. ಆದರೂ ಚಳಿಗಾಲ ಎಂದರೆ ತಿಂಗಳುಗಟ್ಟಲೆ ಕತ್ತಲು, ಮೇಲಿಂದ ಹಿಮ. ಅಂಥ ಕಡೆ ಕೊಬ್ಬು ಕೂಡಿಟ್ಟ ಡುಬ್ಬವಿದ್ದರೆ ಹಸಿವು ತಡೆಯಬಹುದು. ಅಗಲ ಪಾದವಿದ್ದರೆ ಹಿಮದಲ್ಲಿ ಹೂತುಹೋಗದೆ ನಡೆಯಬಹುದು. ದೊಡ್ಡ ಕಣ್ಣಿದ್ದರೆ ಮಬ್ಬು ಬೆಳಕಿನಲ್ಲೂ ಕಾಣಬಹುದು. ಮರಳಿಗಾಗಿ ಬಂದವು ಎಂದು ನಾವು ತಿಳಿದ ಈ ಗುಣಗಳು ಹಿಮಕ್ಕಾಗಿ ಬಂದವು ಇರಬಹುದು ಎನ್ನುತ್ತಾರೆ ವಿಜ್ಞಾನಿಗಳು. ತವರಿನಲ್ಲಿ ಚಳಿಗೆಂದು ಹೊಲಿಸಿಕೊಂಡ ಅಂಗಿ, ಸೇರಿದ ಮನೆಯ ಬಿಸಿಲಿಗೂ ಸರಿಹೊಂದಿತು.

ಇನ್ನು ಒಂಟೆ ತವರು ಬಿಟ್ಟ ಕಥೆ. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಅಲಾಸ್ಕಕ್ಕೂ ಸೈಬೀರಿಯಕ್ಕೂ ನಡುವೆ ನೆಲವಿತ್ತು. ಈಗ ಅಲ್ಲಿರುವುದು ಬೇರಿಂಗ್ ಜಲಸಂಧಿ, ಕಿರಿದಾದ ಕಡೆ ಸುಮಾರು 85 ಕಿ.ಮೀ. ಅಗಲದ ಸಮುದ್ರ. ಆ ನೆಲದ ಮೇಲೆ ಪ್ಯಾರಾಕ್ಯಾಮೆಲಸ್ ಎಂಬ ಒಂಟೆಗಳು ಏಷ್ಯಕ್ಕೆ ದಾಟಿದವು. ಅವುಗಳ ವಂಶ ಹರಡುತ್ತ ನಮ್ಮ ದೇಶಕ್ಕೂ ಬಂತು. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ಒಂಟೆಯ ಪಳೆಯುಳಿಕೆಗೆ 1836ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಇಬ್ಬರು ನೌಕರರು ಕ್ಯಾಮೆಲಸ್ ಸಿವಲೆನ್ಸಿಸ್ ಎಂದು ಹೆಸರಿಟ್ಟರು. ಒಬ್ಬರು ಸಹಾರನ್‌ಪುರದ ಸಸ್ಯತೋಟ ನೋಡಿಕೊಳ್ಳುತ್ತಿದ್ದ ಹ್ಯೂ ಫಾಲ್ಕನರ್, ಇನ್ನೊಬ್ಬರು ಕಾಲುವೆ ಎಂಜಿನಿಯರ್ ಪ್ರೋಬಿ ಕಾಟ್ಲಿ. ಕೆಲಸದ ನಡುವೆ ಬಿಡುವು ಮಾಡಿಕೊಂಡು ಕಲ್ಲು ಹೆಕ್ಕಿದವರು ಇವರು.

ಒಂಟೆಯ ಇನ್ನೊಂದು ಕವಲು ದಕ್ಷಿಣಕ್ಕೆ ಹೋಯಿತು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಬಳಿ ಎರಡೂ ಅಮೆರಿಕಗಳು ನೆಲದಿಂದ ಕೂಡಿಕೊಂಡ ಕಾಲ. ದಕ್ಷಿಣ ಅಮೆರಿಕಕ್ಕೆ ಇಳಿದ ಆ ಕವಲಿನ ಮೊಮ್ಮಕ್ಕಳೇ ಈಗಿನ ಲಾಮಾ, ಅಲ್ಪಾಕಾ, ಗ್ವನಾಕೊ, ವಿಕುನ್ಯಾ. ಡುಬ್ಬವಿಲ್ಲದಿದ್ದರೂ ಇವು ಒಂಟೆಯ ದಾಯಾದಿಗಳೇ.

ತವರಿನಲ್ಲಿ ಉಳಿದವರ ಗತಿ? ಅವರೂ ಬಹುಕಾಲ ಚೆನ್ನಾಗಿಯೇ ಬಾಳಿದರು. ಕೊನೆಯವರೆಗೂ ಇದ್ದದ್ದು ಕ್ಯಾಮೆಲಾಪ್ಸ್ ಎಂಬ ಒಂಟೆ, ಭುಜದ ಹತ್ತಿರ ಸುಮಾರು 7 ಅಡಿ ಎತ್ತರ. ಲಾಸ್ ಏಂಜಲಿಸ್ ನಗರದ ನಡುವೆ ಲಾ ಬ್ರೆಯಾ ಎಂಬಲ್ಲಿ ನೆಲದಿಂದ ಡಾಂಬರು ಉಕ್ಕುವ ಗುಂಡಿಗಳಿವೆ. ಅದರಲ್ಲಿ ಸಿಕ್ಕಿಬಿದ್ದ ಕ್ಯಾಮೆಲಾಪ್ಸ್ ಮೂಳೆಗಳನ್ನು ಅಲ್ಲಿ ಹೊರತೆಗೆದಿದ್ದಾರೆ. ಕೆನಡಾದ ಯೂಕಾನ್ ಪ್ರದೇಶದ ಮೂಳೆಗಳ ಡಿಎನ್‌ಎ ನೋಡಿದಾಗ ಇದು ಲಾಮಾಕ್ಕಿಂತ ನಮ್ಮ ಒಂಟೆಗೇ ಹತ್ತಿರದ ನೆಂಟ ಎಂದು 2015ರಲ್ಲಿ ತಿಳಿಯಿತು.

ಹಿಮಯುಗ ಮುಗಿಯುವ ಹೊತ್ತಿಗೆ, ಸುಮಾರು 13,000 ದಿಂದ 11,000 ವರ್ಷಗಳ ಹಿಂದೆ, ಈ ಖಾತೆ ಮುಚ್ಚಿತು. ಹವೆ ಬದಲಾಗಿ ಮೇವು ಬದಲಾಯಿತು. ಜೊತೆಗೆ ಮನುಷ್ಯನೂ ಬಂದಿದ್ದ. ಕೆನಡಾದ ಆಲ್ಬರ್ಟ ಪ್ರಾಂತ್ಯದ ಒಂದು ಜಾಗದಲ್ಲಿ ಸುಮಾರು 13,300 ವರ್ಷಗಳ ಹಿಂದೆ ಬೇಟೆಗಾರರು ಕೊಂದು ಕೊಯ್ದ 7 ಕುದುರೆ ಮತ್ತು 1 ಒಂಟೆಯ ಮೂಳೆಗಳು ಸಿಕ್ಕಿವೆ. ಯಾವ ಕಾರಣದ ಪಾಲು ಎಷ್ಟು ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ.

ಮುಂದಿನದು ನನಗೆ ತುಂಬ ಇಷ್ಟವಾದ ಲೆಕ್ಕ. 1855ರಲ್ಲಿ ಅಮೆರಿಕ ಸರ್ಕಾರ ತನ್ನ ಒಣಪ್ರದೇಶದಲ್ಲಿ ಸೈನ್ಯದ ಸಾಮಾನು ಹೊರಲು ಒಂಟೆ ಕೊಳ್ಳಲು 30,000 ಡಾಲರ್ ಮಂಜೂರು ಮಾಡಿತು. ಹಡಗು ಮೆಡಿಟರೇನಿಯನ್ ತೀರದಿಂದ 33 ಒಂಟೆಗಳನ್ನು ತುಂಬಿಕೊಂಡು ಹೊರಟಿತು. ದಾರಿಯಲ್ಲಿ ಒಂದು ಸತ್ತಿತು. ಹುಟ್ಟಿದ ಮರಿಗಳಲ್ಲಿ ಎರಡು ಉಳಿದವು. 1856ರ ಮೇ ತಿಂಗಳಲ್ಲಿ ಟೆಕ್ಸಸ್ ತೀರದಲ್ಲಿ ಇಳಿದದ್ದು ಎಷ್ಟು? ಮಕ್ಕಳೇ, ನೀವೇ ಹೇಳಿ. ಹೌದು, 34. ಲೆಕ್ಕ ಸರಿಹೊಂದಿತು!

ಬಂದರಿನಲ್ಲಿ ನೆರೆದಿದ್ದವರಿಗೆ ಇದು ಯಾವುದೋ ಪರದೇಶದ ಪ್ರಾಣಿ. ಅದಕ್ಕೆ ಎರಡೇ ವರ್ಷ ಮೊದಲು, 1854ರಲ್ಲಿ, ನಮ್ಮ ಜೋಸೆಫ್ ಲೈಡಿ ಕ್ಯಾನ್ಸಸ್ ಕಡೆಯಿಂದ ಬಂದ ಒಂದು ಮೂಳೆಚೂರಿಗೆ ಕ್ಯಾಮೆಲಾಪ್ಸ್ ಎಂದು ಹೆಸರಿಟ್ಟಿದ್ದರು. ಹತ್ತು ಸಾವಿರ ವರ್ಷಗಳ ಮೇಲೆ ಮಗಳು ತವರಿಗೆ ಬಂದಿದ್ದಳು. ಬಾಗಿಲಲ್ಲಿ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಮುಂದೆ ಅಲ್ಲಿ ಅಂತರ್ಯುದ್ಧ ನಡೆದು ಆ ಯೋಜನೆಯೂ ನಿಂತಿತು, ಒಂಟೆಗಳನ್ನು ಹರಾಜು ಹಾಕಿದರು.

ಇದನ್ನು ಓದಿ ಹೊರಟವರು ಜಾಣರು, ಉಳಿದವರು ದಡ್ಡರು ಎಂದುಕೊಳ್ಳಬೇಡಿ. ಯಾವ ಒಂಟೆಯೂ ಖಂಡ ದಾಟುತ್ತೇನೆ ಎಂದು ಹೊರಟದ್ದಲ್ಲ. ಇವತ್ತು ಈ ಹುಲ್ಲು, ನಾಳೆ ಆಚೆಯ ಹುಲ್ಲು, ಹೀಗೆ ಎಷ್ಟೋ ತಲೆಮಾರು ಕಳೆಯಿತು. ಬಡ್ತಿ ತೆಗೆದುಕೊಂಡರೆ ಬೇರೆ ಊರಿಗೆ ವರ್ಗವಾಗುತ್ತದೆ ಎಂದು ಕ್ಲಾರ್ಕ್ ಆಗಿಯೇ ನಿವೃತ್ತನಾದವನು ನಾನು. ನನ್ನ ಮಗಳು ಸಮುದ್ರ ದಾಟಿ ಸಂಸಾರ ಹೂಡಿದ್ದಾಳೆ. ಇಬ್ಬರೂ ನಮ್ಮ ನಮ್ಮ ಹುಲ್ಲು ನೋಡಿಕೊಂಡವರೇ.

ಈಗ ಉಳಿದಿರುವ ಶಿಲ್ಕು ಎಷ್ಟು ಎಂದು ನೋಡಿ. ದಕ್ಷಿಣ ಅಮೆರಿಕದ ನಾಲ್ವರು ದಾಯಾದಿಗಳು, ಒಂದು ಡುಬ್ಬದ ಒಂಟೆ, ಎರಡು ಡುಬ್ಬದ ಸಾಕು ಒಂಟೆ. ಜೊತೆಗೆ ಮಂಗೋಲಿಯ ಮತ್ತು ಚೀನಾದ ಗೋಬಿ ಕಡೆ ಯಾರಿಗೂ ಮೂಗುದಾರ ಕೊಡದೆ ತಿರುಗುವ ಎರಡು ಡುಬ್ಬದ ಕಾಡು ಒಂಟೆ. ಅದು ಉಪ್ಪುನೀರು ಕುಡಿದೂ ಬದುಕಬಲ್ಲದು. ಅಂಥ ಗಟ್ಟಿಜೀವ ಈಗ ಸುಮಾರು 1,000 ಮಾತ್ರ ಉಳಿದಿದೆ. 4 ಕೋಟಿ ವರ್ಷದ ಮನೆತನದಲ್ಲಿ ಕಾಡಿನಲ್ಲೇ ಉಳಿದ ಕೊನೆಯ ಒಂಟೆಗಳು ಅವು. ಒಂದು ದೊಡ್ಡ ಶಾಲೆಯ ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿದರೆ ಅಷ್ಟೇ ಸಂಖ್ಯೆ. ಪ್ರಾರ್ಥನೆಗೆ ನಿಂತಾಗ ಒಮ್ಮೆ ಸುತ್ತ ನೋಡಿ, ಗೊತ್ತಾಗುತ್ತದೆ.

ಈ ವಾರದ ಮನೆಗೆಲಸ ಎರಡು. ಮೊದಲನೆಯದು, ಅಟ್ಲಾಸ್ ತೆಗೆದು ಡಕೋಟದ ಮೇಲೆ ಬೆರಳಿಡಿ. ಅಲಾಸ್ಕ, ಬೇರಿಂಗ್, ಸೈಬೀರಿಯ, ಶಿವಾಲಿಕ್ ಎಂದು ಬೆರಳನ್ನು ನಡೆಸಿಕೊಂಡು ಬನ್ನಿ. ಎರಡನೆಯದು, ಪಕ್ಕದಲ್ಲಿರುವ ಅಜ್ಜಿಯನ್ನು ಕೇಳಿ: "ಅಜ್ಜಿ, ನಿನ್ನ ತವರುಮನೆ ಎಲ್ಲಿತ್ತು? ಈಗ ಅಲ್ಲಿ ಯಾರಿದ್ದಾರೆ?" ಹೇಳಿದ್ದನ್ನೆಲ್ಲ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂಟೆಯ ವಿಷಯವನ್ನು ಮೂಳೆಯಿಂದ ತಿಳಿಯಬೇಕಾಯಿತು. ಅಜ್ಜಿಯದನ್ನು ಅವರ ಬಾಯಿಂದಲೇ ಕೇಳಬಹುದು. ಭಾನುವಾರದವರೆಗೆ ಕಾಯಬೇಡಿ.