ಧಣಿಯ ಸಂಘ, ಸರಕಾರದ ಸಂಘ



ಹೋಟೆಲಿನಲ್ಲಿ ದುಡಿದ ನಮಗೆ ಎರಡು ಬಗೆಯ ಸಂಘಗಳ ಪರಿಚಯವುಂಟು. ಒಂದು, ರಾತ್ರಿ ಕೆಲಸ ಮುಗಿದ ಮೇಲೆ ನಾವೇ ಕೂಡಿ, ಚಂದಾ ಎತ್ತಿ ಕಟ್ಟಿದ್ದು. ಇನ್ನೊಂದು, ಧಣಿಯೇ ಗಲ್ಲದ ಮೇಲೆ ಕುಳಿತು ಹೆಸರು ಬರೆಸಿಕೊಂಡು ಕಟ್ಟಿದ್ದು. ಅದಕ್ಕೆ ಸೇರದವನ ಪಾಳಿ ಮರುದಿನವೇ ಬದಲಾಗುತ್ತಿತ್ತು! ಬೋರ್ಡು ನೋಡಿದರೆ ಎರಡೂ ಸಂಘವೇ. ಆದರೆ ಒಂದು ನಮ್ಮದು, ಇನ್ನೊಂದು ಧಣಿಯ ಜೇಬಿನದು.

ಅಮೆರಿಕದ ಟೆಕ್ಸಾಸ್ ರಾಜ್ಯದ ಸುದ್ದಿ ಓದಿದಾಗ ನಮಗೆ ಇದೇ ನೆನಪಾಯಿತು. 2025ರ ಡಿಸೆಂಬರ್ 8ರಂದು ಅಲ್ಲಿನ ಗವರ್ನರ್ ಗ್ರೆಗ್ ಅಬಟ್‌ರವರು, ತಮ್ಮ ರಿಪಬ್ಲಿಕನ್ ಪಕ್ಷಕ್ಕೆ ಒತ್ತಾಸೆಯಾದ ‘ಟರ್ನಿಂಗ್ ಪಾಯಿಂಟ್ ಯುಎಸ್‌ಎ’ ಎಂಬ ಬಲಪಂಥೀಯ ಸಂಸ್ಥೆಯೊಡನೆ ಕೂಡಿ, ರಾಜ್ಯದ ಪ್ರತಿಯೊಂದು ಹೈಸ್ಕೂಲಿನಲ್ಲಿಯೂ ಅದರ ‘ಕ್ಲಬ್ ಅಮೆರಿಕ’ ಶಾಖೆ ತೆರೆಯಬೇಕೆಂದು ಸಾರಿದರು. ಅಡ್ಡ ಬರುವ ಶಾಲೆಯ ಮೇಲೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡಿರೆಂದೂ ಹೇಳಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಕ್ಲಹೋಮ ರಾಜ್ಯದ ಶಿಕ್ಷಣ ಮುಖ್ಯಸ್ಥರೂ ಇಂಥದೇ ಘೋಷಣೆ ಮಾಡಿದ್ದರು.

ಈ ಸಂಸ್ಥೆಯ ಸ್ಥಾಪಕ ಚಾರ್ಲಿ ಕರ್ಕ್‌ರನ್ನು 2025ರ ಸೆಪ್ಟೆಂಬರ್ 10ರಂದು ಭಾಷಣ ಮಾಡುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಅದು ಹೇಯ ಕೃತ್ಯ. ಮಾತಿಗೆ ಮಾತೇ ಉತ್ತರವಾಗಬೇಕು. ಆದರೆ ಸತ್ತವರಿಗಾಗಿ ಶೋಕಿಸುವುದು ಬೇರೆ, ಅವರ ಸಂಸ್ಥೆಗೆ ಸರಕಾರವೇ ಸದಸ್ಯರನ್ನು ಕೂಡಿಸಹೊರಡುವುದು ಬೇರೆ.

ಹಾಗಾದರೆ ವಿದ್ಯಾರ್ಥಿಗಳಿಗೆ ರಾಜಕೀಯ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು! 1965ರಲ್ಲಿ ಅದೇ ದೇಶದ ಡಿಮಾಯ್ನ್ ನಗರದ ಮಕ್ಕಳು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಹೋದರು. ಶಾಲೆ ಅವರನ್ನು ಹೊರಗೆ ಹಾಕಿತು. 1969ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪಕ್ಷವನ್ನೇ ಎತ್ತಿಹಿಡಿಯಿತು. 1984ರಲ್ಲಿ ಕಾನೂನೇ ಬಂದಿತು: ಪಾಠಕ್ಕೆ ಹೊರತಾದ ಒಂದು ಸಂಘಕ್ಕೆ ಎಡೆ ಕೊಟ್ಟ ಸರಕಾರೀ ಪ್ರೌಢಶಾಲೆ, ವಿಚಾರ ಹಿಡಿಸದೆಂದು ಇನ್ನೊಂದಕ್ಕೆ ಬಾಗಿಲು ಹಾಕಕೂಡದು. ಈ ಹಕ್ಕು ಕ್ಲಬ್ ಅಮೆರಿಕದ ಮಕ್ಕಳಿಗೂ ಉಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಸಂಘವನ್ನು ಮಕ್ಕಳೇ ಆರಂಭಿಸಬೇಕು, ಶಾಲೆಯಾಗಲಿ ಸರಕಾರವಾಗಲಿ ಅದರ ಪ್ರಾಯೋಜಕನಾಗಕೂಡದು.

ಎಲ್ಲ ಸಂಘಗಳಿಗೂ ಬಾಗಿಲು ತೆರೆಯಿರಿ ಎಂದಿದ್ದರೆ ಗವರ್ನರರ ಮಾತು ನ್ಯಾಯದ್ದೆನ್ನಬಹುದಿತ್ತು. ಒಂದೇ ಸಂಘದ ಹೆಸರು ಹಿಡಿದು, ದೂರಿನ ಬೆದರಿಕೆ ಹಾಕಿದ ಮೇಲೆ ಹೆಡ್‌ಮಾಸ್ತರರು ಏನು ಮಾಡಿಯಾರು? ಬೇರೆ ಅಭಿಪ್ರಾಯದ ಹುಡುಗಿ ಬಂದು ತನ್ನ ಸಂಘಕ್ಕೂ ಕೋಣೆ ಕೇಳಿದರೆ ಅವರ ಕೈ ನಡುಗದೆ? ಸಂಬಳ ಕೊಡುವವನ ಕಣ್ಣು ಎತ್ತ ಇದೆಯೆಂದು ನೋಡಿ ನಡೆಯುವ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ.

ದೂರದ ಸುದ್ದಿಯೆಂದು ತಳ್ಳಬೇಡಿರಿ. ನಮ್ಮ ಮಕ್ಕಳೂ ಸರಕಾರೀ ಶಾಲೆಗಳಲ್ಲಿ ಓದುತ್ತಾರೆ. ನಾಳೆ ಯಾವ ಬಣ್ಣದ ಸರಕಾರವೇ ಇರಲಿ, ನಾವು ಮೆಚ್ಚಿದ ಬಾವುಟದ್ದೇ ಆಗಿರಲಿ, ತರಗತಿಗೆ ತನ್ನ ಸಂಘವನ್ನು ತಂದರೆ ನಾವು ಬೇಡವೆನ್ನಬೇಕು. ಕೋಣೆ ಕೊಡಲಿ, ದೀಪ ಕೊಡಲಿ, ಎಲ್ಲರಿಗೂ ಸಮನಾಗಿ ಕೊಡಲಿ. ಸದಸ್ಯರ ಪಟ್ಟಿಯನ್ನು ಮಾತ್ರ ಮಕ್ಕಳೇ ಬರೆದುಕೊಳ್ಳಲಿ.