ಸಾಲದ ಲೆಕ್ಕ ಕನ್ನಡದಲ್ಲೂ ಬರಲಿ

ಕುಡಿಯುವ ನೀರು, ಚರಂಡಿ, ವಿದ್ಯುತ್ತು ಮುಂತಾದ ಸಾರ್ವಜನಿಕ ಸೌಕರ್ಯಗಳ ವೆಚ್ಚವನ್ನು ಒಂದೆರಡು ವರ್ಷಗಳ ತೆರಿಗೆಯಿಂದ ಭರಿಸಲಾಗದು. ಮುಂದಿನ ತಲೆಮಾರು ಬಳಸುವ ನೀರಿನ ಕೊಳವೆಗೆ ಆ ತಲೆಮಾರೂ ಪಾಲು ಕೊಡುವುದು ನ್ಯಾಯವೇ. ಆದುದರಿಂದ ಸಾಲವನ್ನೇ ಆಕ್ಷೇಪಿಸುವವರು ನಾವಲ್ಲ. ಆ ಸಾಲಕ್ಕೆ ಒಪ್ಪಿಗೆ ಕೊಟ್ಟವರು ಯಾರು, ಅದರ ವಿವರವನ್ನು ಯಾವ ಭಾಷೆಯಲ್ಲಿ ತಿಳಿಸಲಾಯಿತು ಎಂಬುದಷ್ಟೇ ನಮ್ಮ ಪ್ರಶ್ನೆ.

ಬಾಂಡುಗಳ ಮೂಲಕ ಹಣವೆತ್ತುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಾಜ್ಯ ಸರಕಾರದ ಜಾಮೀನಿನ ಮೇಲೆ 125 ಕೋಟಿ ರೂಪಾಯಿ ಎತ್ತಿತು. 1998ರಲ್ಲಿ ಅಹಮದಾಬಾದು ಜಾಮೀನಿಲ್ಲದೆಯೇ 100 ಕೋಟಿ ಕೂಡಿಸಿತು. ಕೇರಳದ ಕಿಫ್‌ಬಿ ಸಂಸ್ಥೆ 2019ರಲ್ಲಿ ನೂರಕ್ಕೆ 9.723ರ ಬಡ್ಡಿಯಲ್ಲಿ ವಿದೇಶೀ ಹೂಡಿಕೆದಾರರಿಂದ 2,150 ಕೋಟಿ ಪಡೆದು 2024ರಲ್ಲಿ ತೀರಿಸಿತು. ಇವುಗಳಲ್ಲಿ ಒಂದಕ್ಕೂ ಮತದಾರರ ನೇರ ಒಪ್ಪಿಗೆ ಕೇಳಿದ್ದಿಲ್ಲ. ನಮ್ಮಲ್ಲಿ ಆ ಕ್ರಮವೇ ಇಲ್ಲ.

ಅಮೆರಿಕದ ಅನೇಕ ನಗರಗಳಲ್ಲಿ ಇಂಥ ಸಾಲವನ್ನು ಮತಕ್ಕೆ ಹಾಕುವ ರೂಢಿಯಿದೆ. ಲಾಸ್ ಏಂಜಲಿಸ್ ನಗರದ ಮತದಾರರು 1905ರಲ್ಲಿ 15 ಲಕ್ಷ ಡಾಲರಿಗೂ, 1907ರಲ್ಲಿ 2 ಕೋಟಿ 30 ಲಕ್ಷ ಡಾಲರಿಗೂ ಒಪ್ಪಿಗೆ ಕೊಟ್ಟರು. 1913ರಲ್ಲಿ ದೂರದ ಓವೆನ್ಸ್ ಕಣಿವೆಯ ನೀರು ಕಾಲುವೆಯಲ್ಲಿ ನಗರಕ್ಕೆ ಹರಿಯಿತು. ಆದರೆ ನೀರು ಕಳೆದುಕೊಂಡ ಕಣಿವೆಯ ರೈತರಿಗೆ ಆ ಮತದಾನದಲ್ಲಿ ಹಕ್ಕಿರಲಿಲ್ಲ. 1920ರ ದಶಕದಲ್ಲಿ ಅಲ್ಲಿನ ಸರೋವರವೇ ಬತ್ತಿತು. ಬಹುಮತವೊಂದರಿಂದಲೇ ನ್ಯಾಯ ಸಿದ್ಧಿಸದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅದೇ ದೇಶ 1975ರಲ್ಲಿ ತನ್ನ ಮತದಾನದ ಹಕ್ಕಿನ ಕಾಯ್ದೆಗೆ ತಿದ್ದುಪಡಿ ತಂದು, ಇಂಗ್ಲಿಷು ಸಾಕಷ್ಟು ತಿಳಿಯದ ಕೆಲವು ಭಾಷಾ ಅಲ್ಪಸಂಖ್ಯಾತರು ನಿಗದಿತ ಪ್ರಮಾಣದಲ್ಲಿರುವಲ್ಲಿ ಮತಪತ್ರವನ್ನೂ ವಿವರಣೆಯನ್ನೂ ಅವರ ಭಾಷೆಯಲ್ಲಿ ಕೊಡಬೇಕೆಂದು ವಿಧಿಸಿತು. ಸ್ಪ್ಯಾನಿಷ್, ಚೀನೀ, ಕೊರಿಯನ್ ಭಾಷಿಕರು ಸಾಲದ ವಿವರವನ್ನು ತಮ್ಮ ಲಿಪಿಯಲ್ಲಿ ಓದಿ ಮತ ನೀಡಬಲ್ಲರು. ಅನುಕರಣೀಯವಾದುದು ಇದು.

ಇನ್ನು ನಮ್ಮ ನೆಲದ ಮಾತು. ಬೇಸಗೆಯಲ್ಲಿ ನಳ್ಳಿಯಿಂದ ಉಪ್ಪುನೀರು ಬಂದುದನ್ನು ಕಾಸರಗೋಡು ಪೇಟೆ ಮರೆತಿಲ್ಲ. ಗುಡ್ಡದ ಮೇಲಿನವರು ಇಂದಿಗೂ ಅಜ್ಜಂದಿರು ಕೊರೆಸಿದ ಸುರಂಗದ ನೀರನ್ನು ನೆಚ್ಚಿಕೊಂಡಿದ್ದಾರೆ. ನೀರಿನ ಯೋಜನೆಗಳು ಬರಲೇಬೇಕು. ಆದರೆ ನೂರು ರೂಪಾಯಿಯನ್ನು ನೂರಕ್ಕೆ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಎತ್ತಿ, ವರ್ಷವೂ ಬಡ್ಡಿ ಕಟ್ಟಿ, ಅಸಲನ್ನು ಕೊನೆಗೆ ತೀರಿಸಿದರೆ ಒಟ್ಟು ಕೊಡುವುದು 260 ರೂಪಾಯಿ. ಶಾಲೆಯ ಮಕ್ಕಳೂ ಮಾಡಬಲ್ಲ ಈ ಲೆಕ್ಕ ತೆರಿಗೆ ಕಟ್ಟುವವರ ಮುಂದೆ ಬರಬೇಡವೇ? ಬಡ್ಡಿಗೆ ಭಾಷಾಭೇದವಿಲ್ಲ. ನೀರಿನ ಬಿಲ್ಲು ಕನ್ನಡಿಗನ ಮನೆಯನ್ನೂ ತಪ್ಪದೆ ಹುಡುಕಿಕೊಂಡು ಬರುತ್ತದೆ. ಅದರ ಹಿಂದಿನ ಲೆಕ್ಕವೂ ಅವನು ಓದಬಲ್ಲ ಅಕ್ಷರದಲ್ಲಿ ಬರಬೇಕು.

ಇದು ಯಾರ ಔದಾರ್ಯವೂ ಅಲ್ಲ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ಕೇರಳದ 1969ರ ಭಾಷಾ ಕಾಯ್ದೆಯೇ ಮನ್ನಿಸಿತ್ತು. ಸಂವಿಧಾನದ 350ನೆಯ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ.

ಮತಪೆಟ್ಟಿಗೆ ಇಲ್ಲದಿದ್ದರೂ ಗ್ರಾಮಸಭೆ ಇದೆ, ಪೇಟೆಯಲ್ಲಿ ವಾರ್ಡುಸಭೆ ಇದೆ. ಅಲ್ಲಿಗೆ ಹೋಗದೆ ಜಗಲಿಯಲ್ಲಿ ಕುಳಿತು ಗೊಣಗಿದರೆ ಫಲವಿಲ್ಲ. ಯೋಜನೆಯೊಂದು ಬಂದಾಗ ಸಾಲವೆಷ್ಟು, ಬಡ್ಡಿ ಎಷ್ಟು, ಎಷ್ಟು ವರ್ಷ, ಯಾವ ತೆರಿಗೆಯಿಂದ ತೀರುವುದು, ಯಾವ ಗುಡ್ಡಕ್ಕೆ ನೀರು ಏರುವುದು ಎಂದು ನಮ್ಮವರು ಕನ್ನಡದಲ್ಲೇ ಬರೆದು ಕೇಳಲಿ. ಉತ್ತರವನ್ನೂ ಬರಹದಲ್ಲಿಯೇ ಪಡೆಯಲಿ. ಈ ಪ್ರಶ್ನೆಗಳು ಮಲಯಾಳಿ ನೆರೆಯವರಿಗೂ ಹಿತವೇ. ಕೇಳುವ ಮೊದಲ ದನಿ ನಮ್ಮದಾಗಲಿ.