ಡಬ್ಬಿಯೊಳಗಿನ ಮೀನು

ಕಳೆದ ತಿಂಗಳು ಮಗನ ಹುಟ್ಟುಹಬ್ಬದ ನೆಪದಲ್ಲಿ ನಾವು ಐವರೂ ಬೆಂಗಳೂರಿನ ಒಂದು ಹೋಟೆಲಿಗೆ ರಾತ್ರಿಯೂಟಕ್ಕೆ ಹೋಗಿದ್ದೆವು. ಕಡಲ ಮೀನಿನ ಅಡುಗೆಗೂ ಜಪಾನಿನ ಸುಶಿಗೂ ಹೆಸರಾದ ಸ್ಥಳವದು. ನಾನೂ ನನ್ನ ಯಜಮಾನರೂ ಹುಟ್ಟಾ ಸಸ್ಯಾಹಾರಿಗಳೆಂಬುದು ನಿಮಗೆಲ್ಲ ಗೊತ್ತೇ ಇದೆ. ಮಗ ಮಾತ್ರ ಕೆಲಸಕ್ಕೆ ಸೇರಿದ ಮೇಲೆ ಮೀನು ತಿನ್ನಲಾರಂಭಿಸಿದ. ಸೊಸೆ ಮಂಗಳೂರಿನ ಕಡೆಯವಳು. ಅವಳಿಗೆ ಮೀನಿಲ್ಲದ ಊಟ ಊಟವೇ ಅಲ್ಲ. "ನಿಮಗೂ ಅಲ್ಲಿ ಏನಾದರೂ ಸಿಗುತ್ತದೆ ಅಮ್ಮಾ" ಎಂಬ ಭರವಸೆಯ ಮೇಲೆ ಹೊರಟೆವು. ಸಿಕ್ಕಿದ್ದು ಸೌತೆಕಾಯಿ! ಹುಳಿಯನ್ನದ ನಡುವೆ ಸೌತೆಕಾಯಿಯ ಹೋಳಿಟ್ಟು, ಕಪ್ಪು ಹಾಳೆಯಂತಹ ಕಡಲಪಾಚಿಯಲ್ಲಿ ಸುತ್ತಿ, ಆರು ತುಂಡು ಮಾಡಿ ತಂದಿಟ್ಟರು. ರುಚಿ ಕೆಟ್ಟದ್ದೇನಲ್ಲ. ಆದರೆ ಆ ಬೆಲೆಗೆ ನಮ್ಮೂರ ಸಂತೆಯಲ್ಲಿ ಒಂದು ಬುಟ್ಟಿ ಸೌತೆಕಾಯಿ ಬರುತ್ತಿತ್ತೆಂದು ಯಜಮಾನರು ಮೂರು ಸಲ ಹೇಳಿದರು.

ಹತ್ತು ವರ್ಷದ ಮೊಮ್ಮಗಳು ಎರಡು ಕಡ್ಡಿಗಳ ನಡುವೆ ಹಸಿ ಸಾಲ್ಮನ್ ಮೀನಿನ ತುಂಡನ್ನು ಹಿಡಿದು ಬಾಯಿಗಿಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಗ ಫೋಟೋ ತೆಗೆದ. ಮಗು ಹಿಗ್ಗಿನಿಂದ, "ನಾಳೆ ಇದನ್ನೇ ಸ್ಕೂಲಿಗೆ ಡಬ್ಬಿಯಲ್ಲಿ ಕಟ್ಟಿಕೊಡ್ತೀಯಾ?" ಎಂದು ತಾಯಿಯನ್ನು ಕೇಳಿತು. ಸೊಸೆ ನಕ್ಕಳು. "ನಿಮ್ಮ ಸ್ಕೂಲಲ್ಲಿ ಮೀನು ತರುವ ಹಾಗಿಲ್ಲವಲ್ಲ ಪುಟ್ಟಾ. ಆದರೂ ಇದನ್ನು ಒಯ್ದರೆ ಎಲ್ಲರೂ ಸುತ್ತ ನಿಂತು ನೋಡಿಯಾರು. ಅಜ್ಜಿಮನೆಯ ಬಂಗುಡೆ ಸಾರು ಒಯ್ದರೆ ಮಾತ್ರ ಮೂಗು ಮುಚ್ಚಿಕೊಂಡಾರು" ಎಂದಳು.

ತಮಾಷೆಗಾಗಿ ಆಡಿದ ಮಾತು. ಎಲ್ಲರೂ ನಕ್ಕರು. ನನಗೆ ಮಾತ್ರ ಬಾಯಲ್ಲಿದ್ದ ತುತ್ತು ನುಂಗಲಾಗಲಿಲ್ಲ.

1991ರ ಮಳೆಗಾಲ. ಕರಾವಳಿಯ ಶಾಲೆಯೊಂದರಲ್ಲಿ ನಾನು ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಪ್ರೌಢಶಾಲೆಗಳಿಗೆ ಬಿಸಿಯೂಟವಿನ್ನೂ ಬಂದಿರಲಿಲ್ಲ. ಮಕ್ಕಳು ಬುತ್ತಿ ತರುತ್ತಿದ್ದರು. ಮಳೆಗಾಲದಲ್ಲಿ ಕಡಲು ಕೆರಳಿ ದೋಣಿಗಳು ದಡ ಸೇರುವುದರಿಂದ ಮೀನುಗಾರರ ಮನೆಗಳಲ್ಲಿ ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನೇ ಆಧಾರ. ಅಂತಹ ಮನೆಯ ಹುಡುಗಿಯೊಬ್ಬಳು ಗಂಜಿಯನ್ನದ ಜೊತೆ ಒಣ ಸೀಗಡಿಯ ಚಟ್ನಿ ತಂದಿದ್ದಳು. ಡಬ್ಬಿ ತೆರೆಯುತ್ತಲೇ ಪಕ್ಕದವರು "ಟೀಚರ್, ವಾಸನೆ!" ಎಂದು ಕೂಗಿದರು. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಬಹಳ ಮೃದುವಾಗಿ, "ಇವತ್ತು ಹೊರಗೆ ಜಗಲಿಯಲ್ಲಿ ಕೂತು ಉಣ್ಣು. ನಾಳೆಯಿಂದ ಇದನ್ನು ತರಬೇಡ" ಎಂದೆ. ಅವಳು ಮರುಮಾತಾಡದೆ ಡಬ್ಬಿ ಮುಚ್ಚಿಕೊಂಡು ಹೊರಗೆ ಹೋದಳು. ಜಗಲಿಗೆ ಮಳೆಯ ಇರಚಲು ಹೊಡೆಯುತ್ತಿತ್ತು. ಮರುದಿನದಿಂದ ಅವಳ ಡಬ್ಬಿಯಲ್ಲಿ ಬರೀ ಅನ್ನ, ಒಂದು ಉಪ್ಪಿನಕಾಯಿಯ ಹೋಳು. ನಾನು ಅದನ್ನು ಶಿಸ್ತು ಎಂದುಕೊಂಡೆ.

ಮನೆಗೆ ಬಂದ ಮೇಲೆ ಸುಶಿಯ ಚರಿತ್ರೆಯನ್ನು ಓದಿದೆ. ಪಾಠ ಹೇಳಿದವಳ ಚಟ, ಬಿಡುವುದಿಲ್ಲ! ಸುಶಿ ಎಂದರೆ ಹಸಿ ಮೀನು ಎಂದೇ ನಾನು ತಿಳಿದಿದ್ದೆ. ಆ ಪದದ ಮೂಲಾರ್ಥ 'ಹುಳಿ' ಎಂದಂತೆ. ಭತ್ತ ಬೆಳೆಯುವ ಆಗ್ನೇಯ ಏಷ್ಯಾದ ನಾಡುಗಳಲ್ಲಿ ಮೀನಿಗೆ ಉಪ್ಪು ಸವರಿ, ಅನ್ನದ ನಡುವೆ ಒತ್ತಿಟ್ಟು, ತಿಂಗಳುಗಟ್ಟಲೆ ಹುಳಿ ಬರಿಸಿ ಕಾಪಿಡುವ ಪದ್ಧತಿ ಇತ್ತು. ಅದೇ ಸುಶಿಯ ಪೂರ್ವಜ ಎಂಬುದು ವಿದ್ವಾಂಸರ ಅಭಿಪ್ರಾಯ. ಜಪಾನಿನ ಬೀವಾ ಸರೋವರದ ಸುತ್ತಲಿನವರು ಈಗಲೂ ಮಾಡುವ 'ಫುನಾಜುಶಿ' ಆ ಹಳೆಯ ಬಗೆಯದು, ಅದರ ಘಾಟು ವಾಸನೆಯೂ ಪ್ರಸಿದ್ಧ! ಅಂದರೆ ಅದೂ ನಮ್ಮ ಒಣಮೀನಿನಂತೆ ಇಲ್ಲದ ಕಾಲಕ್ಕೆಂದು ಕೂಡಿಟ್ಟ ಆಹಾರವೇ. ಇಂದು ನಾವು ಕಾಣುವ, ಅನ್ನದುಂಡೆಯ ಮೇಲೆ ಮೀನಿನ ತುಂಡಿಟ್ಟ ಸುಶಿ 1820ರ ದಶಕದ ಹೊತ್ತಿಗೆ ಎಡೋ ನಗರದಲ್ಲಿ, ಎಂದರೆ ಈಗಿನ ಟೋಕಿಯೋದಲ್ಲಿ, ಜನಪ್ರಿಯವಾಯಿತು. ಅದನ್ನು ಮಾರುತ್ತಿದ್ದುದು ಬೀದಿಬದಿಯ ಗಾಡಿಗಳಲ್ಲಿ. ಗಡಿಬಿಡಿಯಲ್ಲಿದ್ದ ದುಡಿಯುವ ಜನ ನಿಂತುಕೊಂಡೇ ತಿಂದು ಹೋಗುತ್ತಿದ್ದರು. ನಾವು ಚಪ್ಪಾಳೆ ತಟ್ಟಿದ ಹಸಿ ಸಾಲ್ಮನ್ ಅಂತೂ ತೀರ ಹೊಸತು. ಪರೋಪಜೀವಿಗಳ ಭಯದಿಂದ ಜಪಾನೀಯರೇ ಅದನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆ ದೇಶದವರು ತಾವು ಸಾಕಿದ ಸಾಲ್ಮನ್ನನ್ನು ಅಲ್ಲಿ ಪಟ್ಟುಹಿಡಿದು ಪ್ರಚಾರ ಮಾಡಿದ ಮೇಲೆ ಅದು ಸುಶಿಯ ಮೇಲೇರಿತು.

ಇನ್ನು ವಾಸನೆಯ ವಿಚಾರ. ಕಡಲ ಮೀನಿನ ದೇಹದಲ್ಲಿ ವಾಸನೆಯಿಲ್ಲದ ಒಂದು ಸಂಯುಕ್ತವಿರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲಮೀನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ನಾವು ಮೂಗು ಮುಚ್ಚುವುದು ಅದಕ್ಕೆ. ಅದು ಕ್ಷಾರಗುಣದ್ದಾದ್ದರಿಂದ ಹುಳಿ ತಾಗಿದೊಡನೆ ವಾಸನೆ ತಗ್ಗುತ್ತದೆ. ಮಂಗಳೂರಿನ ಬಂಗುಡೆ ಸಾರಿಗೆ ಹುಣಸೆ ಹಿಂಡುವುದೂ, ಜಪಾನೀಯರು ತಮ್ಮ ಬಂಗುಡೆಯನ್ನು, ಅವರು 'ಸಾಬಾ' ಎನ್ನುವ ಮೀನನ್ನು, ಉಪ್ಪು ಸವರಿ ವಿನೆಗರಿನಲ್ಲಿ ನೆನೆಹಾಕುವುದೂ ಒಂದೇ ತಿಳಿವಳಿಕೆಯ ಎರಡು ರೂಪಗಳು. ಮಲ್ಪೆಯ ತಾಯಿಗೂ ಟೋಕಿಯೋದ ಬಾಣಸಿಗನಿಗೂ ಕಡಲು ಕಲಿಸಿದ ಪಾಠ ಬೇರೆಯಲ್ಲ. ಆದರೆ ಒಬ್ಬನ ಕೈಚಳಕವನ್ನು ನಾವು ಕಲೆ ಎನ್ನುತ್ತೇವೆ, ಇನ್ನೊಬ್ಬಳ ಅಡುಗೆಯನ್ನು ನಾತ ಎನ್ನುತ್ತೇವೆ.

ಹಾಗಾದರೆ ನನ್ನ ಮೂಗು ಅಂದು ಗುರುತಿಸಿದ್ದು ಏನನ್ನು? ಮೀನನ್ನೋ, ಆ ಹುಡುಗಿಯ ಮನೆಯನ್ನೋ? ನಮ್ಮ ಮನೆಯ ಇಂಗಿನ ಒಗ್ಗರಣೆ ಬೀದಿಯ ತುದಿಗೂ ಹೋಗುತ್ತದೆ. ಹಲಸಿನ ಹಣ್ಣಿನ ಕಾಲದಲ್ಲಿ ಶಾಲೆಯ ಕೋಣೆಯೇ ಘಮಘಮ, ಕೆಲವರಿಗೆ ಅದೂ ತಲೆನೋವು. ಅದನ್ನು ತಂದ ಮಕ್ಕಳನ್ನು ಯಾರೂ ಜಗಲಿಗೆ ಕಳುಹಿಸಲಿಲ್ಲ. ಊಟದ ವಾಸನೆಗೆಂದು ಹೊರಗೆ ಹೋಗಬೇಕಾಗಿ ಬಂದದ್ದು ಒಂದೇ ಬಗೆಯ ಮನೆಯ ಮಕ್ಕಳು.

"ಒಗ್ಗದವರಿಗೆ ಹಿಂಸೆಯಾಗುವುದಿಲ್ಲವೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆಗುತ್ತದೆ. ನನಗೂ ಆಗುತ್ತದೆ, ಈ ವಯಸ್ಸಿನಲ್ಲಿ ನಾನು ಮೀನು ತಿನ್ನುವವಳೂ ಅಲ್ಲ. ಒಗ್ಗದಿರುವುದು ತಪ್ಪಲ್ಲ. ಒಗ್ಗದವಳು ತಾನೇ ಎದ್ದು ಎರಡು ಮಾರು ಆಚೆ ಕುಳಿತರೆ ಅದು ಅವಳ ಅಭಿರುಚಿ. ಉಣ್ಣುವ ಮಗುವನ್ನೇ ಎಬ್ಬಿಸಿ ಆಚೆ ಕೂರಿಸಿದರೆ ಅದು ಅವಮಾನ. ಅಂದು ನಾನು ಸಾಮಾಜಿಕ ಸಮಾನತೆಯ ಪಾಠವನ್ನೂ ಅದೇ ಕೋಣೆಯಲ್ಲಿಯೇ ಮಾಡಿದ್ದೆ. ಆ ನಲವತ್ತು ಮಕ್ಕಳಿಗೆ ಯಾವ ಪಾಠ ನೆನಪಿನಲ್ಲಿ ಉಳಿದಿರಬಹುದು, ನೀವೇ ಹೇಳಿ.

ದುಬಾರಿ ಹೋಟೆಲಿನಲ್ಲಿ ಹಸಿ ಮೀನಿಗೆ ಚಪ್ಪಾಳೆ ತಟ್ಟಿದ ಮಾತ್ರಕ್ಕೆ ನಮ್ಮ ಮನಸ್ಸು ವಿಶಾಲವಾಯಿತೆಂದು ನಾನು ಒಪ್ಪುವುದಿಲ್ಲ. ಅಲ್ಲಿ ನಾವು ಗೌರವಿಸಿದ್ದು ಬೆಲೆಯನ್ನು, ಪರದೇಶದ ಹೆಸರನ್ನು. ಪಕ್ಕದ ಮನೆಯವರ ಒಣ ಸೀಗಡಿಯ ಚಟ್ನಿಯನ್ನು ಮೂಗು ಮುರಿಯದೆ ಸಹಿಸಿದ ದಿನ ವೈಶಾಲ್ಯದ ಮಾತಾಡೋಣ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಶಾಲೆಗಳ ಆಡಳಿತದಲ್ಲಿಯೂ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ಬಿನ್ನಹ. ಮಕ್ಕಳ ಡಬ್ಬಿಯಲ್ಲಿ ಊಟ ಇದೆಯೇ ಎಂದು ನೋಡಿ, ಯಾವ ಊಟ ಎಂದು ನೋಡಬೇಡಿ. ಯಾರಾದರೂ "ವಾಸನೆ" ಎಂದು ಕೂಗಿದರೆ, ಕೂಗಿದ ಮಗುವಿಗೆ ಎರಡು ಮಾತು ಹೇಳಿ.

ಆ ಹುಡುಗಿಗೂ ಈಗ ಐವತ್ತರ ಹತ್ತಿರ. ಈ ಬರಹ ಅವಳ ಕಣ್ಣಿಗೆ ಬಿದ್ದರೆ, ಅಂದು ಜಗಲಿಗೆ ಕಳುಹಿಸಿದ ಟೀಚರಿಗೆ ತಪ್ಪಿನ ಅರಿವಾಗಿದೆಯೆಂದು ತಿಳಿಯಲಿ. ಮೂವತ್ತು ವರ್ಷಕ್ಕೂ ಮೀರಿ ತಡವಾಯಿತು, ಕ್ಷಮಿಸು ಮಗಳೇ.